ಕಲ್ಲಿದ್ದಲು ಹಾಕೋಕೂ ಫೀಸು

"ಮುಳ್ಳು ಅಲ್ಲಾಡ್ತಾ?" ಅಂದ ನಾಣಿ.

"ಇಲ್ಲ."

"ಸರಿಯಾಗಿ ನೋಡು. 160ರ ಮೇಲೇ ಇದೆ ತಾನೆ?"

"ಇದೆ ಕಣೋ ಮಾರಾಯ. ಇದು ಪ್ರೆಷರ್ ಗೇಜು, ನಿನ್ನ ಇಸಿಜಿ ಅಲ್ಲ" ಅಂದ ಶೇಷು.

ಕಾರು ಬೀದಿಯಲ್ಲಿ ಬಿಸಿಲು ಕಾಯಿಸುತ್ತಾ ನಿಂತಿತ್ತು. ಕಾರು ಇರಬೇಕಾದ ಶೆಡ್ಡಿನಲ್ಲಿ ಒಂದು ಲೇತು, ಒಂದು ಡ್ರಿಲ್ಲಿಂಗ್ ಮಿಷನ್ನು, ಎರಡು ಬೀರು ತುಂಬಾ ಸ್ಕ್ರೂಗಳು, ಜಾಗ ಉಳಿದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಮಧ್ಯದ ಮೇಜಿನ ಮೇಲೆ, ಚೊಂಬೊಂದನ್ನು ಮಲಗಿಸಿ ಅದಕ್ಕೊಂದು ಚೌಕದ ಡಬ್ಬಿ ಅಂಟಿಸಿದ ಹಾಗೆ ತಾಮ್ರದ ಬಾಯ್ಲರು. ಇದ್ದಬದ್ದ ತೂತಿಗೆಲ್ಲ ಬಿರಡೆ ಬಿಗಿದು, ಗಾಳಿಗುಳ್ಳೆ ಉಳಿಯದ ಹಾಗೆ ತಣ್ಣೀರು ತುಂಬಿ, ಕೈಪಂಪಿನಲ್ಲಿ ಒತ್ತಡ ಏರಿಸಿದ್ದಾಗಿತ್ತು. ನಾಣಿ ಮನೆಯಲ್ಲೇ ಕೈಯಾರೆ ಮಾಡುತ್ತಿದ್ದ ಪುಟ್ಟ ಉಗಿಬಂಡಿ ಇಂಜಿನ್ನಿನ ಬಾಯ್ಲರು ಅದು. ಇಂಜಿನ್ ಓಡೋದು ಚದರ ಇಂಚಿಗೆ 80 ಪೌಂಡ್ ಒತ್ತಡದಲ್ಲಿ. ಪರೀಕ್ಷೆ ಅದರ ಎರಡರಷ್ಟಕ್ಕೆ. ಅರ್ಧ ಗಂಟೆ ಮುಳ್ಳು ಇಳಿಯಬಾರದು. ಈ ಅರ್ಧ ಗಂಟೆಗೆ ಸಾಕ್ಷಿ ಹಾಕೋದಕ್ಕೆ ಅಂತಲೇ ಭಾನುವಾರ ಬೆಳಿಗ್ಗೆ ಮೂರು ಜನರನ್ನ ನಾಣಿ ಫೋನು ಮಾಡಿ ಕರೆಸಿದ್ದ.

ಕಿಟ್ಟಿ ಕುರ್ಚಿಯನ್ನು ಸದ್ದಿಲ್ಲದೆ ಬಾಗಿಲ ಕಡೆಗೆ ಸರಿಸಿಕೊಂಡ. "ಸಿಡಿದ್ರೆ ಏನ್ ಗತಿ?"

"ಸಿಡಿಯಲ್ಲ. ನೀರನ್ನ ಅದುಮಿದ್ರೆ ಅದು ಕುಗ್ಗಲ್ಲ. ಎಲ್ಲಾದ್ರೂ ಬಿಟ್ಟುಕೊಂಡ್ರೆ ತೊಟಕ್ ಅಂತ ಒಂದು ಹನಿ, ಮುಳ್ಳು ಸೊಂಯ್ ಅಂತ ಕೆಳಗೆ, ಅಷ್ಟೆ. ಆವಿ ತುಂಬಿದಾಗ ಬಿಟ್ಟುಕೊಂಡ್ರೆ ಮಾತ್ರ ಕಥೆ ಬೇರೆ. ಅದಕ್ಕೇ ಮೊದಲು ತಣ್ಣೀರು."

"ಇದಕ್ಕೆಲ್ಲ ಸರ್ಕಾರದ ಪರ್ಮಿಷನ್ನು ಬೇಡವೇನಯ್ಯ?" ಮೇಷ್ಟ್ರು ಕೇಳಿದರು. ಮೇಷ್ಟ್ರಿಗೆ ಯಾವುದನ್ನು ಕಂಡರೂ ಮೊದಲು ನೆನಪಾಗೋದು ಪರ್ಮಿಷನ್ನು.

"ಕಾಯಿದೆ ಪ್ರಕಾರ 25 ಲೀಟರಿಗಿಂತ ಕಡಿಮೆ ಹಿಡಿಯೋದು ಬಾಯ್ಲರೇ ಅಲ್ಲ ಮೇಷ್ಟ್ರೇ."

"ಮತ್ತೆ ಇದೇನು?"

"ಪಾತ್ರೆ" ಅಂದರು ಪದ್ಮಕ್ಕ, ಕಾಫಿ ತಟ್ಟೆ ಹಿಡಿದುಕೊಂಡು ಒಳಬಾಗಿಲಲ್ಲಿ ನಿಂತು. "ಅಡುಗೆಮನೇಲಿ ಇರಬೇಕಾದ್ದು ಇಲ್ಲಿದೆ. ಅಡುಗೆಮನೇಲಿ ಏನೇನಿದೆ ಗೊತ್ತಾ? ಪಿಸ್ಟನ್ ರಿಂಗು. ಸಾಸಿವೆ ಡಬ್ಬಿ ಪಕ್ಕ."

"ಶುರು ಮಾಡಿ ಎಷ್ಟು ಕಾಲ ಆಯ್ತು ಅತ್ತಿಗೆ?"

"ಮೊಮ್ಮಗ ಕೂತು ಆಡಲಿ ಅಂತ ಶುರು ಮಾಡಿದ್ರು. ಅವನಿಗೀಗ ಮೀಸೆ ಬರ್ತಿದೆ."

ಕಿಟ್ಟಿಗೆ ಇಂಥ ಮಾತು ಸೇರೋದಿಲ್ಲ. "ಹಾಗನ್ಬೇಡಿ ಅತ್ತಿಗೆ. ಇದು ಪ್ಯಾಶನ್ನು. ಈಗಿನ ಕಾಲದಲ್ಲಿ ಕೈಯಾರೆ ಏನಾದ್ರೂ ಮಾಡೋದಿದೆಯಲ್ಲ, ಅದೇ ಮೈಂಡ್‌ಫುಲ್‌ನೆಸ್ಸು. ಹೋದ ತಿಂಗಳು ನಾವು ಸಕಲೇಶಪುರದ ಕಡೆ ಹೋಗಿದ್ವಿ, 'ಹಳ್ಳಿ ಅನುಭವ' ಅಂತ. ಒಂದು ದಿನಕ್ಕೆ ತಲೆಗೆ ನಾಲ್ಕೂವರೆ ಸಾವಿರ. ಬೆಳಿಗ್ಗೆ ಹಸು ಹಾಲು ಕರೆಯೋದು, ಆಮೇಲೆ ಕೊಟ್ಟಿಗೆ ಗುಡಿಸೋದು, ಒರಳಲ್ಲಿ ಚಟ್ನಿ ರುಬ್ಬೋದು, ರಾತ್ರಿ ಚಾಪೆ ಮೇಲೆ ಮಲಗೋದು. ಎಂಥಾ ನೆಮ್ಮದಿ ಅಂತೀಯ!"

"ಕೊಟ್ಟಿಗೆ ಗುಡಿಸಿದ್ದಕ್ಕೆ ಎಷ್ಟು ಕೊಟ್ರು?" ಶೇಷು ಕೇಳಿದ.

"ಕೊಡೋದೇನು? ನಾವೇ ಕೊಟ್ವಿ ಅಂದ್ನಲ್ಲ."

"ಅಲ್ವೋ, ನಿಮ್ಮಪ್ಪ ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ಓಡಿಬಂದಿದ್ದೇ ಸಗಣಿ ಬಾಚಲಾರದೆ ತಾನೆ? ಅವರು ಪುಕ್ಕಟೆ ಬೇಡ ಅಂದ ಕೆಲಸಾನ ನೀನು ದುಡ್ಡು ಕೊಟ್ಟು ಮಾಡ್ತೀಯ. ಅವರು ಬಿಟ್ಟುಬಂದ ಗದ್ದೆಗೆ ನೀನೀಗ ಗೆಸ್ಟು!"

ಶೇಷು ಶುರು ಹಚ್ಚಿಕೊಂಡನೆಂದರೆ ಗೇಜು ನೋಡುವ ಕೆಲಸ ಇನ್ನೊಬ್ಬರಿಗೆ ಬಂತು ಅಂತಲೇ ಅರ್ಥ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಮುಂದೆ ಬಗ್ಗಿದರು.

"ನಮ್ಮಪ್ಪ ಅರಸೀಕೆರೆ ರೈಲ್ವೆ ಶೆಡ್ಡಲ್ಲಿ ಫೈರ್‌ಮನ್ನು, ಅಂದ್ರೆ ಇಂಜಿನ್ನಿಗೆ ಕಲ್ಲಿದ್ದಲು ಹಾಕೋನು. ಮೀಟರ್ ಗೇಜು ಹಳಿ, ವೈಪಿ ಅನ್ನೋ ಉಗಿ ಇಂಜಿನ್ನು, 210 ಪೌಂಡ್ ಪ್ರೆಷರ್ರು. ಸರ್ವಿಸ್ ಪೂರ್ತಿ ಆ ಫೈರ್‌ಬಾಕ್ಸ್ ಮುಂದೆ ನಿಂತು ಮೈಂಡ್‌ಫುಲ್ ಆಗಿದ್ದ. ಪಾಪ, ಅವನಿಗೆ ಗೊತ್ತಿರಲಿಲ್ಲ. ಇಲಾಖೆಯವರಿಗೂ ಗೊತ್ತಿರಲಿಲ್ಲ, ಸದ್ಯ. ಗೊತ್ತಾಗಿದ್ರೆ ಸಂಬಳ ಕೊಡ್ತಿದ್ರಾ? ಫೀಸು ವಸೂಲಿ ಮಾಡೋರು."

"ಅದೇನು ಲೆಕ್ಕ?"

"ನೀನೇ ಹೇಳು. ಮುಖಕ್ಕೆ ಇದ್ದಿಲಿನ ಮಾಸ್ಕು ಹಾಕಿಸಿಕೊಳ್ಳೋಕೆ ನಿನ್ನ ಹೆಂಡತಿ ಬ್ಯೂಟಿ ಪಾರ್ಲರಲ್ಲಿ ಎಷ್ಟು ಕೊಡ್ತಾಳೆ?"

"ಸಾವಿರದ ಇನ್ನೂರು."

"ನಮ್ಮಪ್ಪನಿಗೆ ದಿನಾ ಆಗ್ತಿತ್ತು. ಮುಖಕ್ಕೆ ಮಾತ್ರ ಅಲ್ಲ, ಫುಲ್ ಬಾಡಿ. ಹಾಕ್ಕೋ ಲೆಕ್ಕಕ್ಕೆ. ಸ್ಟೀಮ್ ಬಾತು? ಬೇಸಿಗೇಲಿ ಇಂಜಿನ್ ಮೇಲೆ ನಿಂತ್ರೆ ಸ್ಟೀಮೂ ಆಯ್ತು, ಬಾತೂ ಆಯ್ತು. ರಾತ್ರಿ ಎರಡು ಗಂಟೆಗೆ ಕಾಲ್‌ಬಾಯ್ ಬಂದು ಬಾಗಿಲು ಬಡಿದು ಡ್ಯೂಟಿಗೆ ಎಬ್ಬಿಸೋನು. ಈಗ ಅದಕ್ಕೆ 'ಬ್ರಾಹ್ಮೀ ಮುಹೂರ್ತ ಕ್ಯಾಂಪು' ಅಂತ ಬೋರ್ಡು ಹಾಕ್ತಾರೆ. ಫೋನಿರಲಿಲ್ಲ, ಅದು ಡಿಜಿಟಲ್ ಡಿಟಾಕ್ಸು. ತೋಳಿನ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ, ಬೆಂಕಿ ಝಳಕ್ಕೆ. ವ್ಯಾಕ್ಸಿಂಗು! ಸಲಿಕೆ ಮೇಲೆ ಬದನೆಕಾಯಿ ಇಟ್ಟು ಒಳಗೆ ತಳ್ಳಿ ಸುಟ್ಟು ತಿನ್ನೋರು. ವುಡ್ ಫೈರ್ಡ್ ಅಂತ ನಿನ್ನ ಹೋಟೆಲಲ್ಲಿ ಅದಕ್ಕೆ ಬೇರೆ ಬಿಲ್ಲು. ಎಲ್ಲಾ ಸೇರಿಸಿ, ಮೇಲೆ ಜಿಎಸ್‌ಟಿ ಹಾಕಿ ನೋಡು. ನಾಳೆ ಯಾರಾದ್ರೂ ಬುದ್ಧಿವಂತ ಆಡಿಟರು ಹಳೇ ಕಡತ ತೆಗೆದ್ರೆ ನಮ್ಮಮ್ಮನ ಪೆನ್ಷನ್ನಲ್ಲಿ ಮುರ್ಕೋತಾರೆ."

"ಹಾಗಾದ್ರೆ ಡ್ರೈವರು?" ಮೇಷ್ಟ್ರು ಕೇಳಿದರು.

"ಅವರದು ಪ್ರೀಮಿಯಂ ಪ್ಯಾಕೇಜು ಮೇಷ್ಟ್ರೇ. ಸೀಟು ಸಮೇತ."

ನಾಣಿಗೆ ಇದೆಲ್ಲ ಕೇಳಿಸಿದ್ದು ಅರ್ಧ. "ಲೋ, ಇದು ಆ ಥರದ ಶೋಕಿ ಅಲ್ಲ ಕಣೋ. ಇದರ ನಕ್ಷೆ ಬರೆದವನು ಒಬ್ಬ ಇಂಗ್ಲಿಷಿನವನು, ಲಾರೆನ್ಸ್ ಅಂತ. ಎಲ್‌ಬಿಎಸ್‌ಸಿ ಅಂತ ಕಾವ್ಯನಾಮ. ಲಂಡನ್ನಿನಿಂದ ಬ್ರೈಟನ್ ಕಡೆಗೆ ಹೋಗೋ ರೈಲ್ವೆ ಕಂಪನಿ ಇತ್ತಲ್ಲ, ಅದರದೇ ಅಕ್ಷರ. 1920ರ ದಶಕದಲ್ಲಿ ದೊಡ್ಡ ದೊಡ್ಡೋರೆಲ್ಲ, ಇಷ್ಟು ಸಣ್ಣ ಇಂಜಿನ್ನಿಗೆ ಸ್ಪಿರಿಟ್ ದೀಪವೇ ಸರಿ, ಕಲ್ಲಿದ್ದಲಲ್ಲಿ ನಡೆಯಲ್ಲ ಅಂತಿದ್ರು. ಇವನು ಎರಡೂವರೆ ಇಂಚು ಅಗಲದ ಹಳಿ ಮೇಲೆ ಓಡೋ ಇಂಜಿನ್ನಿಗೆ ಕಲ್ಲಿದ್ದಲು ಹಾಕಿ, ಆಳನ್ನ ಕೂರಿಸಿ ಎಳೆಸಿ ತೋರಿಸಿಬಿಟ್ಟ. ಅಲ್ಲಿಂದ ಈ ಹವ್ಯಾಸದ ದಿಕ್ಕೇ ಬದಲಾಯ್ತು. ಆಮೇಲೆ ನನ್ನಂಥ ಬ್ಯಾಂಕ್ ಗುಮಾಸ್ತರೂ ಮಾಡ್ಲಿ ಅಂತ ಹೊಸಬರಿಗೇ ಅಂತ ಬರೆದದ್ದು ಟಿಚ್ ಅನ್ನೋ ಈ ಇಂಜಿನ್ನಿನ ನಕ್ಷೆ. ಹಳಿಯ ಅಗಲ, ಅಂದ್ರೆ ಗೇಜು, ಮೂರೂವರೆ ಇಂಚು, ನಾಲ್ಕೇ ಚಕ್ರ."

"ಇಷ್ಟು ಚಿಕ್ಕದು, ಓಡಿಸೋದು ಸುಲಭವೇ ಅಲ್ವೇನೋ?" ಅಂದ ಕಿಟ್ಟಿ.

"ಅಲ್ಲೇ ಇರೋದು ತಮಾಷೆ. ಅಳತೆ 16ನೇ ಒಂದು ಪಾಲು ಮಾಡಿದ್ರೆ ಒಳಗೆ ಹಿಡಿಯೋ ನೀರು 4096ನೇ ಒಂದು ಪಾಲಾಗುತ್ತೆ. ಉದ್ದ, ಅಗಲ, ಎತ್ತರ, ಮೂರೂ ಕುಗ್ಗುತ್ತಲ್ಲ. ಆದ್ರೆ ನೀರಿಗೆ ನಾನು ಸಣ್ಣದು ಅಂತ ಗೊತ್ತಿರಲ್ಲ, ಅದು 100 ಡಿಗ್ರಿಗೇ ಕುದಿಯೋದು. ಬೆಂಕಿಗೂ ಗೊತ್ತಿಲ್ಲ. ದೊಡ್ಡ ಇಂಜಿನ್ನಲ್ಲಿ ಒಂದು ಬೀಡಿ ಸೇದೋವಷ್ಟು ಬಿಡುವು ಸಿಗುತ್ತೆ. ಇದರಲ್ಲಿ ಆ ಕಡೆ ತಿರುಗಿ ಈ ಕಡೆ ತಿರುಗೋದ್ರೊಳಗೆ ಬೆಂಕಿ ಸತ್ತಿರುತ್ತೆ, ಗಾಜಿನ ಕೊಳವೇಲಿ ನೀರು ಪಾತಾಳಕ್ಕೆ ಇಳಿದಿರುತ್ತೆ. ಎರಡು ನಿಮಿಷಕ್ಕೊಂದು ಸಲ ಚಮಚದಷ್ಟು ಕಲ್ಲಿದ್ದಲು ಹಾಕ್ತಾನೇ ಇರಬೇಕು."

"ಚಮಚದಲ್ಲಾ?" ಶೇಷು ಕಾಫಿ ಲೋಟ ಕೆಳಗಿಟ್ಟ. "ಕಲ್ಲಿದ್ದಲು ಹಾಕ್ತೀಯೋ, ಒಗ್ಗರಣೆ ಹಾಕ್ತೀಯೋ?"

"ಹೊತ್ತಿಸೋದು ಹೇಗೆ?"

"ಮೊದಲು ಸೀಮೆಎಣ್ಣೇಲಿ ನೆನೆಸಿದ ಇದ್ದಿಲು. ಚಿಮಣಿ ಮೇಲೆ ಒಂದು ಪುಟ್ಟ ಫ್ಯಾನು ಕೂರಿಸಿ ಗಾಳಿ ಎಳೆಸ್ತೀವಿ. ಸ್ವಲ್ಪ ಪ್ರೆಷರ್ ಬಂತು ಅಂದ್ರೆ ಫ್ಯಾನು ತೆಗೆದು, ಚಿಮಣಿಗೆ ಆವಿ ಊದೋ ಬ್ಲೋವರ್ ಬಿಡೋದು, ಅಲ್ಲಿಂದ ತನ್ನ ಉಸಿರು ತಾನೇ ಎಳ್ಕೊಳ್ಳುತ್ತೆ."

"ಎಲ್ಲಾ ಆಗಿ, ಓಡಿ, ಎಲ್ಲಿಗೆ ಹೋಗುತ್ತೆ?"

"ಕಾಂಪೌಂಡ್ ಸುತ್ತ."

"ಅಲ್ಲಿಂದ?"

"ಇಲ್ಲಿಗೇ."

"ಬಸ್ಸಿಗಿಂತ ವಾಸಿ" ಅಂದ ಶೇಷು. "ಇಳಿದ ಮೇಲೆ ಆಟೋ ಬೇಡ."

ಕಾಂಪೌಂಡಿನ ಮಾತು ಬಂದದ್ದೇ ತಡ, ಲೋಟ ತೆಗೆದುಕೊಂಡು ಹೋಗಲು ಬಂದ ಪದ್ಮಕ್ಕ ಅಲ್ಲೇ ನಿಂತರು. ಹಳಿ ಹಾಕುವ ಕಂಬ ನೆಡೋದಕ್ಕೆ ಹಿತ್ತಲಿನ ದಾಸವಾಳದ ಸಾಲು ಹೋಗಿತ್ತು. ನಾಣಿ ಗಡಿಬಿಡಿಯಲ್ಲಿ ವಾಲ್ಟ್ ಡಿಸ್ನಿಯನ್ನು ಅಡ್ಡ ತಂದ. "ಡಿಸ್ನಿಯಂಥ ಡಿಸ್ನಿಯೇ ಮನೆ ಸುತ್ತ ಇಂಥ ರೈಲು ಹಾಕಿಸಿದ್ದ ಕಣೇ. 1950ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಏಳೂಕಾಲು ಇಂಚಿನ ಗೇಜು, ಅರ್ಧ ಮೈಲಿ ಹಳಿ. ಹೆಂಡತಿಯ ಹೂವಿನ ತೋಟ ಕೆಡಬಾರದು ಅಂತ ಅದರ ಅಡಿಯಲ್ಲಿ 90 ಅಡಿ ಸುರಂಗ ತೋಡಿಸಿದ್ದ. ಹಳಿ ಹಾದುಹೋಗೋ ಹಕ್ಕಿಗೆ ಹೆಂಡತಿ ಮಕ್ಕಳ ಹತ್ತಿರ ವಕೀಲರ ಕೈಲಿ ಅಗ್ರಿಮೆಂಟು ಬರೆಸಿ ಸಹಿ ಹಾಕಿಸಿಕೊಂಡಿದ್ದ."

"ಅಗ್ರಿಮೆಂಟು ಬರೆಸಿದನಾ? ದೊಡ್ಡ ಮನುಷ್ಯ. ನನ್ನ ದಾಸವಾಳ ಕಿತ್ತಿದ್ದು ನನಗೆ ಗೊತ್ತಾಗಿದ್ದೇ ದೇವರ ಪೂಜೆಗೆ ಹೂವು ಕೊಯ್ಯೋಕೆ ಹೋದಾಗ."

"ಇಂಜಿನ್ನಿಗೆ ಲಿಲ್ಲಿ ಬೆಲ್ ಅಂತ ಹೆಂಡತಿ ಹೆಸರೇ ಇಟ್ಟಿದ್ದ" ಅಂತ ನಾಣಿ ಕೊನೆಯ ಬಾಣ ಬಿಟ್ಟ. "ಬೇಕಾದ್ರೆ ಇದಕ್ಕೂ ಪದ್ಮಾ ಅಂತಲೇ ಇಡೋಣ."

"ದಯವಿಟ್ಟು ಬೇಡ. ನೀವು ದಿನಾ ಫೋನಲ್ಲಿ ಹೇಳ್ತಿರ್ತೀರಲ್ಲ, ಇನ್ನೂ ಬಿಸಿಯಾಗಿಲ್ಲ, ಸೋರ್ತಿದೆ, ಎಳೆಯೋ ಶಕ್ತಿ ಇಲ್ಲ, ಒಳಗೆಲ್ಲ ಬಿಚ್ಚಿ ನೋಡಬೇಕು ಅಂತ. ಆ ಮಾತಿನ ಜೊತೆ ನನ್ನ ಹೆಸರು ಬೇಡ."

ಶೇಷು ನಗುತ್ತಾ ನಗುತ್ತಾ ಕೆಮ್ಮು ಹತ್ತಿಸಿಕೊಂಡ. ಡಿಸ್ನಿಯ ರೈಲು ಹೆಚ್ಚು ಕಾಲ ಓಡಲಿಲ್ಲ ಅನ್ನೋದನ್ನ ನಾಣಿ ಹೇಳಲಿಲ್ಲ. 1953ರಲ್ಲಿ ಒಂದು ದಿನ ಹಳಿ ತಪ್ಪಿ, ಆವಿ ತಗುಲಿ ಒಂದು ಮಗುವಿಗೆ ಸುಟ್ಟಿತಂತೆ. ಅದೇ ಕೊನೆ. ಪದ್ಮಕ್ಕನ ಎದುರು ಹೇಳುವ ವಿಷಯ ಅಲ್ಲ ಅದು.

"ಶೇಷು, ನಿಮ್ಮ ತಂದೆ ಇದ್ದಿದ್ರೆ ಇದನ್ನ ನೋಡಿ ಏನನ್ನೋರು?" ಮೇಷ್ಟ್ರು ಗೇಜಿನಿಂದ ಕಣ್ಣು ತೆಗೆಯದೆ ಕೇಳಿದರು.

"ಬೈಯೋರು. ನಮಗೆ ಅವರು ಇಂಜಿನ್ ಕಥೆ ಒಂದೂ ಹೇಳಿದೋರಲ್ಲ ಮೇಷ್ಟ್ರೇ. ಡ್ಯೂಟಿ ಮುಗಿಸಿ ಹಿತ್ತಲ ಬಾಗಿಲಲ್ಲೇ ಬರೋರು, ಅಮ್ಮ ಅಲ್ಲೇ ಹಂಡೆ ನೀರು ಹುಯ್ಯೋಳು. ಆ ಬಟ್ಟೇನ ನಾವು ಮುಟ್ಟೋ ಹಾಗಿರಲಿಲ್ಲ. ಓದ್ತೀಯಾ, ಸಲಿಕೆ ಹಿಡೀತೀಯಾ? ಇಷ್ಟೇ ಅವರ ಉಪದೇಶ. ನಾನು ಓದಿದೆ, ಸಲಿಕೆ ತಪ್ಪಿತು."

"ರಿಟೈರಾದ ಮೇಲೆ?"

"ರಿಟೈರಾದ ಮೇಲೆ ಅಮ್ಮನ ಕುಕ್ಕರ್ ಜೊತೆ ಜಗಳ. ಜಗುಲಿ ಮೇಲೆ ಪೇಪರ್ ಓದ್ತಾ ಕೂತಿರೋರು. ಒಳಗೆ ಕುಕ್ಕರು ಕೂಗಿತು ಅಂದ್ರೆ 'ಸೇಫ್ಟಿ ಎತ್ತಿಸಬೇಡ ಕಣೇ, ಎತ್ತಿಸಬೇಡ' ಅಂತ ಅಲ್ಲಿಂದಲೇ ಕಿರುಚೋರು. ಇಂಜಿನ್ನಲ್ಲಿ ಸೇಫ್ಟಿ ವಾಲ್ವು ಎತ್ತಿತು ಅಂದ್ರೆ ಕಾಯಿಸಿದ ಆವಿ ಗಾಳಿಗೆ ಹೋಯ್ತು, ಕಲ್ಲಿದ್ದಲು ದಂಡ, ಫೈರ್‌ಮನ್ನಿಗೆ ಅವಮಾನ. ಅಮ್ಮನಿಗೆ ಬೇಕಾಗಿದ್ದು ಮೂರು ವಿಷಲ್ಲು. ಇವರಿಗೆ ಒಂದೂ ಆಗಬಾರದು. ನಮ್ಮನೇಲಿ ಎಷ್ಟೋ ವರ್ಷ ಬೇಳೆ ಬೆಂದಿದ್ದೇ ಇಲ್ಲ."

ಎಲ್ಲರೂ ನಕ್ಕರು. ಶೇಷು ಮುಂದುವರಿಸಿದ.

"ಒಂದ್ಸಲ ಯಾವುದೋ ಊರಲ್ಲಿ, ಸ್ಟೇಷನ್ ಮುಂದೆ ಹಳೇ ಇಂಜಿನ್ನಿಗೆ ಬಣ್ಣ ಹೊಡೆದು ನಿಲ್ಲಿಸಿದ್ರು. ಆಗ ಬ್ರಾಡ್ ಗೇಜ್ ಆಗಿ ಎಷ್ಟೋ ಕಾಲ ಆಗಿತ್ತು. ದೇಶದಲ್ಲಿ ಬ್ರಾಡ್ ಗೇಜಿನ ಉಗಿಬಂಡಿಯೇ 1995ಕ್ಕೆ ಮುಗಿದಿತ್ತಲ್ಲ. ನನ್ನ ಮಗಳು ಫೋಟೋ ತೆಗೀಬೇಕು ಅಂದ್ಲು. ಇವರು ಹತ್ತೋದಿಲ್ಲ ಅಂತ ದೂರ ನಿಂತಿದ್ರು. ಆಮೇಲೆ ಏನನ್ನಿಸ್ತೋ, ಪಂಚೆ ಎತ್ತಿ ಕಟ್ಟಿ, ಮಂಡಿ ನೋವಿರೋ ಮನುಷ್ಯ, ಸರಸರ ಹತ್ತಿ ಹೋದ್ರು. ಫೈರ್‌ಬಾಕ್ಸ್ ಬಾಗಿಲು ತೆಗೆದ್ರೆ ಒಳಗೆ ಏನಿದೆ? ಚಿಪ್ಸ್ ಪಾಕೀಟು, ನೀರಿನ ಬಾಟ್ಲಿ, ಐಸ್‌ಕ್ರೀಮ್ ಕಡ್ಡಿ. ಜನ ಕಸದ ಬುಟ್ಟಿ ಮಾಡ್ಕೊಂಡಿದ್ರು. ನಮ್ಮಪ್ಪ ಏನೂ ಮಾತಾಡಲಿಲ್ಲ. ತೋಳು ಒಳಗೆ ಬಿಟ್ಟು ಒಂದೊಂದೇ ಎತ್ತಿ ಹೊರಗೆ ಹಾಕಿದ್ರು. ಭುಜದವರೆಗೂ ಒಳಗೆ. ಆಮೇಲೆ ಬಾಗಿಲು ಮುಚ್ಚಿ, ಹಿಡಿ ಒರೆಸಿ ಇಳಿದು ಬಂದ್ರು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಅದಕ್ಕೂ ಫೀಸು ಕೊಡಬೇಕಾಗಿತ್ತು ಲೆಕ್ಕಕ್ಕೆ" ಅಂದ ಶೇಷು. "ಹೆರಿಟೇಜ್ ಅನುಭವ ಅಂತ."

"ಶೇಷು, 140" ಅಂದರು ಮೇಷ್ಟ್ರು.

"ಏನು, ಫೀಸಾ?"

"ಮುಳ್ಳು ಕಣಯ್ಯಾ! 140ಕ್ಕೆ ಇಳಿದಿದೆ!"

ನಾಣಿ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಟಾರ್ಚು ಹಿಡಿದು ಬಾಯ್ಲರಿನ ಸುತ್ತ ಪ್ರದಕ್ಷಿಣೆ ಮಾಡಿದ. ಬಿರಡೆಗಳು ಒಣಗಿದ್ದವು. ಪಂಪಿನ ಕೀಲೂ ಒಣಗಿತ್ತು. ಕಿಟ್ಟಿ ತನ್ನ ಫೋನಿನ ಬೆಳಕನ್ನೂ ಸೇರಿಸಿದ. ಶೇಷು ಮಾತ್ರ ಬೆಳಕು ಕೇಳಲಿಲ್ಲ. ಡಬ್ಬಿಯ ಪಕ್ಕದಲ್ಲಿ ಸಾಲಾಗಿದ್ದ ಸ್ಟೇಗಳ ಮೇಲೆ, ಒಳಗೋಡೆಯನ್ನೂ ಹೊರಗೋಡೆಯನ್ನೂ ಹಿಡಿದಿಡುವ ಆ ತಾಮ್ರದ ಗುಬುಟುಗಳ ಮೇಲೆ, ಹೆಬ್ಬೆರಳನ್ನು ಒಂದೊಂದಾಗಿ ಆಡಿಸುತ್ತಾ ಹೋದ. ಕೆಳಸಾಲಿನ ಮೂರನೆಯದರ ಹತ್ತಿರ ನಿಲ್ಲಿಸಿದ. ಬೆರಳು ತೆಗೆದ. ಗುಬುಟಿನ ಅಂಚಿನಲ್ಲಿ ಒಂದು ಹನಿ ಮೆಲ್ಲಗೆ ದಪ್ಪವಾಗಿ, ಜಾರಿ, ಮತ್ತೊಂದು ಶುರುವಾಯಿತು.

"ಬೆಸುಗೆ ಹಿಡಿದಿಲ್ಲ ಇಲ್ಲಿ."

"ಮತ್ತೆ ಕಾಯಿಸಬೇಕು" ನಾಣಿ ತಲೆ ಮೇಲೆ ಕೈ ಹೊತ್ತ. "ಒಂದು ಚುಕ್ಕಿ ಸೋರಿದ್ರೂ ಇಡೀ ಬಾಯ್ಲರ್ ಕೆಂಪಗಾಗೋ ಹಾಗೆ ಕಾಯಿಸಬೇಕು ಕಣೋ. ತಾಮ್ರ ಶಾಖಾನ ಒಂದ್ಕಡೆ ನಿಲ್ಲಿಸಲ್ಲ. ಆಮೇಲೆ ನಿಂಬೆ ಉಪ್ಪಿನ ನೀರಲ್ಲಿ ಮುಳುಗಿಸಿ ತೊಳೀಬೇಕು. ಬೆಳ್ಳಿ ಬೆಸುಗೆ ಕಡ್ಡಿ ಬೇರೆ ಮುಗಿದಿದೆ."

"ಬೆಳ್ಳಿ ಅಂದ್ರೆ ಹೆಸರಿಗೋ, ನಿಜವಾಗ್ಲೂ ಬೆಳ್ಳಿಯೋ?" ಕಿಟ್ಟಿಯ ಅನುಮಾನ.

"ನಿಜವಾಗ್ಲೂ. ನಾನು ತರಿಸೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳ್ಳಿಯೇ."

ಪದ್ಮಕ್ಕ ಒಳಗೆ ಹೋಗಿ, ದೇವರ ಮನೆ ಬಾಗಿಲು ಹಾಕಿಕೊಂಡು ಬಂದರು. ಚಿಲಕದ ಸದ್ದು ಶೆಡ್ಡಿಗೂ ಕೇಳಿಸಿತು. "ಕುಂಕುಮದ ಬಟ್ಟಲು ಎರಡು, ದೀಪದ ಕಂಬ ಒಂದು ಜೊತೆ, ಪಂಚಪಾತ್ರೆ ಒಂದು. ಎಣಿಸಿಟ್ಟಿದ್ದೀನಿ" ಅಂದರು.

"ಛೇ, ಅದನ್ನೆಲ್ಲ ಯಾರು ಮುಟ್ತಾರೆ? ನನಗೆ ಬೇಕಾಗಿರೋದು ಸಿಲಿಂಡರ್ ಮಾತ್ರ. ದೊಡ್ಡ ಬರ್ನರ್ರಿಗೆ."

"ಯಾವ ಸಿಲಿಂಡರ್?"

ನಾಣಿ ಲೇತಿನ ಕಡೆ ನೋಡಿದ.

"ಒಬ್ಬನ ಕೈಲಿ ಆಗಲ್ಲ ಅದು" ಅಂದ ಶೇಷು, ಹೆಬ್ಬೆರಳನ್ನು ಕಾಟನ್ ವೇಸ್ಟಿಗೆ ಒರೆಸಿಕೊಳ್ಳುತ್ತಾ. "ಒಬ್ಬ ಬರ್ನರ್ ಹಿಡೀಬೇಕು, ಒಬ್ಬ ಕಡ್ಡಿ ಮುಟ್ಟಿಸಬೇಕು. ಎಷ್ಟು ಹೊತ್ತಿಗೆ ಬರ್ಲಿ?"

"ಬೆಳಕು ಜಾಸ್ತಿ ಇದ್ರೆ ತಾಮ್ರದ ಬಣ್ಣ ಗೊತ್ತಾಗಲ್ಲ. ಬೆಳಿಗ್ಗೆ ಐದಕ್ಕೆ."

"ನಾಲ್ಕೂವರೆಗೆ ಬರ್ತೀನಿ. ಹಳೇ ಬಟ್ಟೆ ಹಾಕ್ಕೊಂಡು."

ಕಿಟ್ಟಿ ಬಾಯಿ ತೆರೆಯುವಷ್ಟರಲ್ಲಿ ಪದ್ಮಕ್ಕ ಅಡ್ಡ ಬಂದರು. "ಸಿಲಿಂಡರು ಶೆಡ್ಡಿಗೆ ಹೋದ ಮೇಲೆ ಒಳಗೆ ಒಲೆ ಹೊತ್ತಲ್ಲ. ಮೇಷ್ಟ್ರೇ, ನೀವು ಬರೋವಾಗ ನಾಲ್ಕು ಜನಕ್ಕೂ ಇಡ್ಲಿ ಕಟ್ಟಿಸ್ಕೊಂಡು ಬನ್ನಿ. ನನ್ನದು ಸೇರಿ ಐದು. ಚಟ್ನಿ ಬೇರೆ ಕಟ್ಟಿಸಿ, ಹೋದ ಸಲ ಎಲ್ಲಾ ಇಡ್ಲಿ ಮೇಲೆ ಚೆಲ್ಲಿತ್ತು."