ಅಮ್ಮನ ಸ್ಕ್ಯಾನ್ ಬಗ್ಗೆ ಮಾವನ ಉತ್ತರ

ಪುಟ್ಟೀ, ಬೆಳಿಗ್ಗೆ ನೀನು ಹಾಕಿದ್ದನ್ನು ಈಗ ನೋಡಿದೆ. ಅಮ್ಮನ ಎಂಆರ್‌ಐ ರಿಪೋರ್ಟಿನಲ್ಲಿ 'ಏಜ್ ರಿಲೇಟೆಡ್ ಅಟ್ರೊಫಿ', ಅಂದರೆ ವಯಸ್ಸಿನಿಂದ ಕುಗ್ಗಿದೆ, ಅಂತಿದೆ, ಎರಡು ವರ್ಷದ ಹಿಂದಿನದರಲ್ಲಿ ಇರಲಿಲ್ಲ, ಮಿದುಳು ಇಷ್ಟು ಬೇಗ ಕುಗ್ಗಿತಾ ಅಂತ ಕೇಳಿದ್ದೀಯ. ಅರವತ್ತು ದಾಟಿದ ಮೇಲೆ ಎಲ್ಲರದೂ ಕುಗ್ಗುತ್ತದಮ್ಮ, ವರ್ಷಕ್ಕೆ ಶೇ 0.5ರ ಆಸುಪಾಸು. ನಮ್ಮ ಅಪ್ಪನದೂ ಕುಗ್ಗಿರುತ್ತದೆ, ಆಗ ನೋಡುವ ಮಷಿನ್ ಇರಲಿಲ್ಲ ಅಷ್ಟೇ.

ಆದರೆ ಬೇರೆ ಬೇರೆ ಮಷಿನ್ನಿನ ಸ್ಕ್ಯಾನ್ ಪಕ್ಕ ಪಕ್ಕ ಇಟ್ಟು ಲೆಕ್ಕ ಹಾಕಬೇಡ. ನನ್ನ ಕಥೆ ನಿಮಗೆಲ್ಲ ಗೊತ್ತಲ್ಲ. ನನ್ನ ಮೊದಲನೇ ಸ್ಕ್ಯಾನ್ 1.5 ಟೆಸ್ಲಾ ಮಷಿನ್ನಿನಲ್ಲಿ, ಟೆಸ್ಲಾ ಅಂದರೆ ಅದರ ಅಯಸ್ಕಾಂತದ ಬಲದ ಅಳತೆ. ಎರಡನೆಯದು ಇನ್ನೊಂದು ಕಡೆ, 3 ಟೆಸ್ಲಾ. ಆವತ್ತು ಕೆಮ್ಮು ಬೇರೆ. ಮುಖದ ಮೇಲೆ ಪಂಜರದ ಥರದ್ದು, ಕಿವಿಯಲ್ಲಿ ಟಕಟಕ ಸದ್ದು, ಕೆಮ್ಮು ತಡೆದಷ್ಟೂ ಗಂಟಲು ಕೆರೆತ. ತಲೆ ಅಲ್ಲಾಡಿಯೇ ಬಿಟ್ಟಿತು. ಸ್ಪೀಕರಿನಲ್ಲಿ "ಸರ್, ಅಲ್ಲಾಡಬೇಡಿ" ಅಂದರು. ಅಲ್ಲಾಡಿದರೆ ಚಿತ್ರ ಮಸುಕಾಗಿ, ಮಿದುಳಿನ ಹೊರಪದರ ಇರುವುದಕ್ಕಿಂತ ತೆಳ್ಳಗೆ ಅಳತೆಗೆ ಸಿಗುತ್ತದಂತೆ. ಅದು ತಿಳಿದಿದ್ದು ಆಮೇಲೆ. ಕಂಪ್ಯೂಟರ್ ಲೆಕ್ಕದಲ್ಲಿ ಹಿಪೊಕ್ಯಾಂಪಸ್, ಅದೇ ನೆನಪಿನ ಜಾಗ, ಎರಡೇ ವರ್ಷಕ್ಕೆ ಹತ್ತು ವರ್ಷದಷ್ಟು ಕುಗ್ಗಿತ್ತು! ಮೂರು ತಿಂಗಳು ನಿದ್ದೆ ಇಲ್ಲ. ಕನ್ನಡಕ ಹುಡುಕುವಾಗಲೂ ಎದೆ ಧಸಕ್ ಅನ್ನುತ್ತಿತ್ತು. ಕೊನೆಗೆ ಹಳೇ ಮಷಿನ್ನಿನಲ್ಲೇ ಮಾಡಿಸಿದರೆ, ವಯಸ್ಸಿಗೆ ಆಗುವಷ್ಟೇ ಆಗಿದೆ ಅಂದರು. ಅದಕ್ಕೇ ಮತ್ತೆ ಹೇಳ್ತೀನಿ, ಎರಡು ಮಷಿನ್ನಿನ ಸ್ಕ್ಯಾನ್ ಹೋಲಿಸಬೇಡ.

ಆ ಮೂರು ತಿಂಗಳಲ್ಲಿ ನನ್ನ ಮಕ್ಕಳು ಚೆಕ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನೆದುರೇ "ಅವರಿಗೆ ನೆನಪಿರಲ್ಲ ಬಿಡು" ಅನ್ನೋರು. ಎಲ್ಲ ಸುಳ್ಳು ಅಂತಾದ ಮೇಲೆ ಒಬ್ಬರಾದರೂ ತಪ್ಪಾಯ್ತು ಅಂದರಾ? ಬೀಗದ ಕೈ ಇವತ್ತಿಗೂ ದೊಡ್ಡವನ ಹತ್ತಿರವೇ ಇದೆ. ಇದೇ ಗ್ರೂಪಿನಲ್ಲಿದ್ದಾನೆ, ಕೇಳಿಸಿಕೊಳ್ಳಲಿ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ. ಮರೆವಲ್ಲ, ಮಾತು ಜಾಸ್ತಿಯಾಯಿತು. ಡಾಕ್ಟರ ಹತ್ತಿರ ಬರೀ ರಿಪೋರ್ಟ್ ಹಾಳೆ ಒಯ್ಯಬೇಡ, ಎರಡೂ ಸ್ಕ್ಯಾನಿನ ಸಿಡಿ ತಗೊಂಡು ಹೋಗು. ಒಬ್ಬರೇ ರೇಡಿಯಾಲಜಿಸ್ಟ್ ಎರಡನ್ನೂ ನೋಡಲಿ. ಒಬ್ಬರು ಬರೆಯುವುದನ್ನು ಇನ್ನೊಬ್ಬರು ಬರೆಯದೇ ಬಿಡುವುದೂ ಉಂಟು. ಮತ್ತೆ ಮಾಡಿಸಿದರೆ ಮೊದಲಿನ ಮಷಿನ್ನಿನಲ್ಲೇ ಮಾಡಿಸು. ಅಮ್ಮ ನೀರು ಸರಿಯಾಗಿ ಕುಡಿದು ಹೋಗಲಿ, ಮೈಯಲ್ಲಿ ನೀರು ಕಡಿಮೆಯಾದರೂ ಅಳತೆ ಸ್ವಲ್ಪ ಇಳಿಯುತ್ತದೆ. ದಿನದ ಕೆಲಸದಲ್ಲಿ ಅವಳು ತಡವರಿಸುತ್ತಿದ್ದರೆ ಅದನ್ನು ಮೊದಲು ಡಾಕ್ಟರಿಗೆ ಹೇಳು, ಸ್ಕ್ಯಾನಿಗಿಂತ ಅದು ಮುಖ್ಯ.

ಹಳೇ ಸಿಡಿ ಎಲ್ಲಿದೆ ಅಂತ ಈಗಲೇ ಹುಡುಕಿ ಹೇಳು.