ನಮೀಬಿಯಾದಲ್ಲಿ ಕುಡು ಬೇಟೆ: ಬಾಯಿಂದ ಮದ್ದು ತುಂಬುವ ಕೋವಿ ಸಾಕಾಗುತ್ತಾ?

ಪೊನ್ನಂಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನವನು. 14 ವರ್ಷದಿಂದ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಇಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕಲ್ಲಿನ ಕೋವಿಗೆ ಅಂತಲೇ ಒಂದು ಜಿಂಕೆ ಸೀಸನ್ ಇದೆ. ನಳಿಗೆಯ ಬಾಯಿಗೆ ಮದ್ದು ಸುರಿದು, ಬಟ್ಟೆ ಸುತ್ತಿದ ಸೀಸದ ಗುಂಡು ಇಟ್ಟು, ಗಜದಿಂದ ದಬ್ಬಿ ಕಾಯಬೇಕು. ಒಂದೇ ಈಡು. ಎಂಟು ವರ್ಷದಿಂದ ಹೀಗೇ ಬೇಟೆ ಆಡುತ್ತಿದ್ದೇನೆ. ತೋಟೆ ಕೋವಿ ಮುಟ್ಟಲು ಈಗ ಮನಸ್ಸೇ ಬರುವುದಿಲ್ಲ.

ಮುಂದಿನ ವರ್ಷ ಜೂನ್‌ನಲ್ಲಿ ನಮೀಬಿಯಾಕ್ಕೆ ಹೋಗಬೇಕು ಅಂತಿದ್ದೇನೆ. ಓಚಿವಾರೊಂಗೊ ಹತ್ತಿರ, ವಾಟರ್‌ಬರ್ಗ್ ಬೆಟ್ಟದ ಕಡೆ. ಕುಡು ಅಂದರೆ ಅಲ್ಲಿನ ದೊಡ್ಡ ಜಿಂಕೆ ಜಾತಿ. ಸುರುಳಿ ಕೊಂಬಿನ ಒಂದು ಗಂಡು ಸಿಕ್ಕರೆ ಸಾಕು. ಮುಂದೆ ಯಾವತ್ತಾದರೂ ಕಾಡೆಮ್ಮೆ, ಅಂದರೆ ಕೇಪ್ ಬಫಲೋ. ನನ್ನ ಕೋವಿ ಪಾಯಿಂಟ್ 54 ಕ್ಯಾಲಿಬರ್ (ನಳಿಗೆಯ ಒಳಗಿನ ಅಗಲ 0.54 ಇಂಚು), ಉಂಡೆ ಗುಂಡು, ತೂಕ ಹತ್ತಿರ ಹತ್ತಿರ 15 ಗ್ರಾಂ. ಏನೇನು ಸಿದ್ಧತೆ ಬೇಕು, ತಿಳಿದವರು ಹೇಳಿ.

ಲೆಕ್ಕದ ಮೇಷ್ಟ್ರು:
ಟಿಕೆಟ್ ತೆಗೆಯುವ ಮೊದಲು ಒಂದು ಲೆಕ್ಕ ಮಾಡೋಣ. ನಮೀಬಿಯಾದಲ್ಲಿ ಯಾವ ಪ್ರಾಣಿಗೆ ಎಷ್ಟು ಬಲದ ಕೋವಿ ಬೇಕು ಅಂತ ಕಾನೂನೇ ಇದೆ. ಗುಂಡು ನಳಿಗೆ ಬಿಡುವಾಗ ಇರುವ ಶಕ್ತಿಯನ್ನು ಜೌಲ್‌ನಲ್ಲಿ ನೋಡುತ್ತಾರೆ. ಸ್ಪ್ರಿಂಗ್‌ಬಾಕ್‌ನಂಥ ಸಣ್ಣ ಜಿಂಕೆಗೆ 1,350. ಕುಡು, ಗೆಮ್ಸ್‌ಬಾಕ್, ಈಲ್ಯಾಂಡ್‌ನಂಥ ದೊಡ್ಡ ಜಿಂಕೆಗಳಿಗೆ 2,700. ಕಾಡೆಮ್ಮೆ, ಆನೆಗೆ 5,400.

ನಿಮ್ಮದು 15 ಗ್ರಾಂ ಗುಂಡು. ಚೆನ್ನಾಗಿ ಮದ್ದು ತುಂಬಿದರೆ ಸೆಕೆಂಡಿಗೆ 518 ಮೀಟರ್ ಅಂತ ಇಟ್ಟುಕೊಳ್ಳಿ. ಕಿಲೋದಲ್ಲಿ ತೂಕದ ಅರ್ಧ ಗುಣಿಸು ವೇಗದ ವರ್ಗ. 2,000 ಜೌಲ್ ಬರುತ್ತದೆ. ಕುಡುವಿಗೆ 700 ಕಮ್ಮಿ. ಕಾಡೆಮ್ಮೆಯ ಮಾತು ಈಗ ಬೇಡ.

ಪೊನ್ನಂಪೇಟೆ ಹುಡುಗ:
ಮೇಷ್ಟ್ರೇ, ಇದು ನನ್ನ ತಲೆಗೇ ಬಂದಿರಲಿಲ್ಲ. ಪರ್ಮಿಟ್, ವಿಮಾನ, ಜ್ವರದ ಮಾತ್ರೆ ಎಲ್ಲ ಬರೆದಿಟ್ಟುಕೊಂಡಿದ್ದೆ. ಇದೊಂದೇ ಬಿಟ್ಟುಹೋಗಿತ್ತು.

ಮಲೆನಾಡಿಗ:
ಆ ಜೌಲ್ ಲೆಕ್ಕ ಉಂಡೆ ಗುಂಡಿಗೆ ಅನ್ಯಾಯ ಮಾಡುತ್ತದೆ. ವೇಗವನ್ನು ವರ್ಗ ಮಾಡುವುದರಿಂದ ಹಗುರಾದ, ಓಡುವ ಗುಂಡಿಗೆ ಜಾಸ್ತಿ ಅಂಕ. ದಪ್ಪ ಸೀಸದ ಗುಂಡು ನಿಧಾನಕ್ಕೆ ಹೋದರೂ ದೊಡ್ಡ ತೂತು ಮಾಡುತ್ತದೆ, ಮೂಳೆ ಮುರಿಯುತ್ತದೆ. ಹಳಬರು ಆಫ್ರಿಕಾದಲ್ಲಿ ಆನೆ ಹೊಡೆದದ್ದೇ ಇಂಥ ಕೋವಿಯಲ್ಲಿ ಅಲ್ವಾ? ಹೆಸರಾಂತ ಇಂಗ್ಲಿಷ್ ಬೇಟೆಗಾರ ಫ್ರೆಡರಿಕ್ ಸೆಲೂಸ್ 1871ರಲ್ಲಿ ಹತ್ತೊಂಬತ್ತರ ಹುಡುಗನಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಬಾಯಿಂದ ತುಂಬುವ ಫೋರ್ ಬೋರ್ ಕೋವಿ ಹಿಡಿದು ಮೂರು ಸೀಸನ್‌ನಲ್ಲಿ 78 ಆನೆ ಹೊಡೆದರು.

ಲೆಕ್ಕದ ಮೇಷ್ಟ್ರು:
ಸೆಲೂಸ್ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ. ಫೋರ್ ಬೋರ್ ಅಂದರೆ ಒಂದು ಪೌಂಡ್ ಸೀಸದಲ್ಲಿ ನಾಲ್ಕೇ ಗುಂಡು. ಒಂದೊಂದು 113 ಗ್ರಾಂ. ಸೆಕೆಂಡಿಗೆ 400 ಮೀಟರ್ ವೇಗ ಹಿಡಿದರೂ 9,000 ಜೌಲ್. ಇವತ್ತಿನ ನಮೀಬಿಯಾ ಕಾನೂನಿನಲ್ಲೂ ಆ ಕೋವಿ ಪಾಸ್. ಆದರೆ ಅದರ ಒದೆತ ಎಂಥದ್ದು? ತನ್ನ ನರಗಳ ಮೇಲೆ ಅದು ಪೆಟ್ಟು ಕೊಟ್ಟಿತು, ಆ ಕೋವಿಗಳ ಸಹವಾಸವೇ ಬೇಡವಾಗಿತ್ತು ಅಂತ ಸೆಲೂಸ್ ತಾವೇ ಬರೆದುಕೊಂಡಿದ್ದಾರೆ.

ಮಲೆನಾಡಿಗ:
ಒಪ್ಪಿದೆ. ಆದರೂ ಕುಡುವಿಗೆ 2,000 ಜೌಲ್ ಸಾಲದು ಅನ್ನುವುದನ್ನು ನಾನು ನಂಬಲಾರೆ. 50 ಮೀಟರ್ ಒಳಗೆ, ಸರಿಯಾದ ಜಾಗಕ್ಕೆ ಬಿದ್ದರೆ ಸಾಕು.

ವಿಂಡ್‌ಹುಕ್ ವಾಸಿ:
ನಾನು ಒಂಬತ್ತು ವರ್ಷದಿಂದ ಇಲ್ಲೇ, ನಮೀಬಿಯಾದ ರಾಜಧಾನಿಯಲ್ಲಿ ಕೆಲಸದಲ್ಲಿದ್ದೇನೆ. ಬೇಟೆಗಾರ ಅಲ್ಲ. ಆದರೆ ಬೇಟೆ ನಡೆಸುವ ರೈತರು ನನಗೆ ಸ್ನೇಹಿತರು. ಮಲೆನಾಡಿಗರೇ, ನೀವು ನಂಬುತ್ತೀರೋ ಬಿಡುತ್ತೀರೋ, ಕಾನೂನು ಕಾನೂನೇ. ಜೊತೆಗೆ ಬರುವ ವೃತ್ತಿ ಬೇಟೆಗಾರ ಸರ್ಕಾರದಲ್ಲಿ ನೋಂದಣಿ ಆದವನು. ಕಮ್ಮಿ ಬಲದ ಕೋವಿಗೆ ಅವನು ಹ್ಞೂಂ ಅಂದರೆ ಅವನ ಲೈಸೆನ್ಸ್ ಹೋಗುತ್ತದೆ. ಆ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಬೇಡಿ.

ಹುಡುಗರೇ, ನಿಮಗೆ ಇನ್ನೂ ದೊಡ್ಡ ಸಮಸ್ಯೆ ಮದ್ದಿನದು. ಕೋವಿಯನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ವಿಮಾನದಲ್ಲಿ ತರಬಹುದು. ಮದ್ದು ತರುವಂತಿಲ್ಲ. ಮದ್ದಿಗೆ ಕಿಡಿ ಕೊಡುವ ಕೇಪೂ ತರುವಂತಿಲ್ಲ. ಚೆಕ್-ಇನ್ ಲಗೇಜಿನಲ್ಲೂ ಇಲ್ಲ. ತೋಟೆಗೆ ಐದು ಕಿಲೋವರೆಗೆ ಬಿಡುತ್ತಾರೆ, ಸಡಿಲ ಮದ್ದಿಗೆ ಒಂದು ಗ್ರಾಂ ಕೂಡ ಬಿಡುವುದಿಲ್ಲ. ಹಾಗಾಗಿ ಮದ್ದು ಇಲ್ಲೇ ಸಿಗಬೇಕು. ಮುಂಗಡ ಕಟ್ಟುವ ಮೊದಲೇ ಬೇಟೆ ಏರ್ಪಡಿಸುವವರಿಂದ ಬರೆದು ತರಿಸಿಕೊಳ್ಳಿ. 'ನೋಡೋಣ, ಸಿಗುತ್ತೆ' ಅಂದರೆ ನಂಬಬೇಡಿ.

ಪೊನ್ನಂಪೇಟೆ ಹುಡುಗ:
ಚಕಮಕಿ ಕೋವಿಗೆ ಕೇಪು ಬೇಡ. ಕಲ್ಲನ್ನು ಜೇಬಲ್ಲೇ ತರಬಹುದು. ಆದರೆ ಅದಕ್ಕೆ ಅಸಲಿ ಕಪ್ಪು ಮದ್ದೇ ಆಗಬೇಕು. ಪೈರೊಡೆಕ್ಸ್, ಟ್ರಿಪಲ್ ಸೆವೆನ್ ಥರದ ಬದಲಿ ಮದ್ದಿಗೆ ಕಿಡಿ ಬೇಗ ಹತ್ತುವುದಿಲ್ಲ. ಕುದುರೆ (ಟ್ರಿಗರ್) ಎಳೆದ ಮೇಲೆ ತಡವಾಗಿ ಸಿಡಿಯುತ್ತದೆ, ಇಲ್ಲವೇ ಸಿಡಿಯುವುದೇ ಇಲ್ಲ. ಆದ್ದರಿಂದ 'ಬದಲಿ ಮದ್ದು ಇದೆ' ಅಂತ ಹೇಳಿದರೆ ನನಗೆ ಉಪಯೋಗ ಇಲ್ಲ. ಒಳ್ಳೆ ಎಚ್ಚರಿಕೆ ಕೊಟ್ಟಿರಿ.

ಕಾಡುಪಾಪ:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನನ್ನದು ಬೇರೆ ಪ್ರಶ್ನೆ. ಯಾಕೆ? ಹೊಟ್ಟೆಗಿಲ್ಲದೆ ಅಲ್ಲ, ಬೆಳೆ ಹಾಳಾಯಿತು ಅಂತಲೂ ಅಲ್ಲ. ಸಾವಿರಾರು ಮೈಲಿ ಹೋಗಿ ಒಂದು ಜೀವ ತೆಗೆಯುವುದು. ಅದೂ ಎರಡನೇ ಈಡು ಹಾಕಲು ಅರ್ಧ ನಿಮಿಷ ಹಿಡಿಯುವ ಕೋವಿಯಲ್ಲಿ. ಮೊದಲ ಗುಂಡು ಹೊಟ್ಟೆಗೆ ಬಿದ್ದರೆ ಆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ನಮ್ಮಜ್ಜ ಅರವತ್ತರ ದಶಕದಲ್ಲಿ ಕೇಪಿನ ಕೋವಿಯಲ್ಲಿ ಹಂದಿ ಹೊಡೆಯುತ್ತಿದ್ದರು. ಒಮ್ಮೆ ಗಾಯಗೊಂಡ ಹಂದಿ ತೋಟದ ಹಿಂದಿನ ಹಳ್ಳದಲ್ಲಿ ರಾತ್ರಿಯಿಡೀ ಕೂಗಿದ್ದನ್ನು ಅವರು ಸಾಯುವವರೆಗೂ ಹೇಳುತ್ತಿದ್ದರು. ಆಮೇಲೆ ಅವರು ಕೋವಿ ಮುಟ್ಟಲಿಲ್ಲ.

ನಮ್ಮ ದೇಶ 1972ರಲ್ಲೇ ಕಾಯ್ದೆ ಮಾಡಿ ಬೇಟೆಗೆ ಕಡಿವಾಣ ಹಾಕಿತು. ಕೀನ್ಯಾ 1977ರಲ್ಲಿ ನಿಲ್ಲಿಸಿತು. ನಮೀಬಿಯಾಕ್ಕೆ ಮಾತ್ರ ಯಾಕೆ ಬೇಕು?

ವಿಂಡ್‌ಹುಕ್ ವಾಸಿ:
ಕಾಡುಪಾಪ ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಇಲ್ಲಿನ ಸ್ಥಿತಿ ಸ್ವಲ್ಪ ಹೇಳುತ್ತೇನೆ. ವಾಟರ್‌ಬರ್ಗ್ ಕಡೆಯ ಜಾಗಗಳು ಹೆಚ್ಚಾಗಿ ಖಾಸಗಿ ಹೊಲ. ಅಲ್ಲಿ ಕುಡು ಇದ್ದರೆ ಲಾಭ ಅನ್ನಿಸಿದರೆ ರೈತ ಕುಡು ಉಳಿಸುತ್ತಾನೆ. ಇಲ್ಲದಿದ್ದರೆ ಪೂರಾ ದನ ಬಿಡುತ್ತಾನೆ. ಹಳ್ಳಿಯವರ ಸಮುದಾಯ ಭೂಮಿಯಲ್ಲೂ 1996ರ ಕಾನೂನು ಬಂದ ಮೇಲೆ ಜನರೇ ಕನ್ಸರ್ವೆನ್ಸಿ, ಅಂದರೆ ಕಾಡುಪ್ರಾಣಿ ನೋಡಿಕೊಳ್ಳುವ ಸಂಘ ಕಟ್ಟಿಕೊಂಡು ಬೇಟೆಯ, ಪ್ರವಾಸದ ಆದಾಯ ಹಂಚಿಕೊಳ್ಳುತ್ತಾರೆ. ಹೊಡೆದ ಕುಡುವಿನ ಮಾಂಸ ಒಂದು ತುಂಡೂ ಹಾಳಾಗುವುದಿಲ್ಲ. ಕೆಲಸದವರ ಮನೆಗೆ ಹೋಗುತ್ತದೆ, ಉಳಿದದ್ದು ಒಣಗಿಸಿ ಬಿಲ್ಟಾಂಗ್ ಮಾಡುತ್ತಾರೆ. ಕೀನ್ಯಾದಲ್ಲಿ ನಿಷೇಧ ಬಂದ 1977ರಿಂದ 2016ರ ಹೊತ್ತಿಗೆ ಕಾಡುಪ್ರಾಣಿಗಳು ಸರಾಸರಿ ನೂರಕ್ಕೆ 68ರಷ್ಟು ಕಮ್ಮಿ ಆದವು.

ಕಾಡುಪಾಪ:
ಕೀನ್ಯಾದಲ್ಲಿ ಕಮ್ಮಿ ಆದದ್ದು ಬೇಟೆ ನಿಲ್ಲಿಸಿದ್ದಕ್ಕೆ ಅಂತ ಹೇಳುವುದು ಸರಿಯಲ್ಲ. ಜನ ಹೆಚ್ಚಿದರು, ದನ ಕುರಿ ಹೆಚ್ಚಿದವು, ಬೇಲಿ ಬಂತು, ಕಳ್ಳಬೇಟೆ ನಡೆಯಿತು. ಒಂದರ ಹಿಂದೆ ಇನ್ನೊಂದು ಬಂತು ಅಂದಮಾತ್ರಕ್ಕೆ ಅದೇ ಕಾರಣ ಆಗುವುದಿಲ್ಲ. ಹೊಲದ ಮಾತು, ಮಾಂಸದ ಮಾತು ಒಪ್ಪುತ್ತೇನೆ. ನನಗೆ ನೋವಾಗುವುದು ಆ ಗಾಯಗೊಂಡ ಪ್ರಾಣಿಯ ವಿಷಯ. ಅದಕ್ಕೆ ಉತ್ತರ ಕೊಡಿ.

ಪೊನ್ನಂಪೇಟೆ ಹುಡುಗ:
ಕೊಡುತ್ತೇನೆ ಅಕ್ಕ. ನಮ್ಮ ಮನೆಯಲ್ಲಿ ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂವು ಇಟ್ಟು ಪೂಜೆ ಮಾಡುತ್ತೇವೆ. (ಅದೇ ಹೂವು ಜಿಂಬಾಬ್ವೆಯ ರಾಷ್ಟ್ರೀಯ ಹೂವು ಅಂತ ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು.) ಅಪ್ಪ ಹೇಳಿಕೊಟ್ಟ ಮೊದಲ ಪಾಠ, ಅನುಮಾನ ಇದ್ದರೆ ಕುದುರೆ ಎಳೆಯಬೇಡ. ಒಂದೇ ಈಡು ಇರುವುದರಿಂದಲೇ ನಾನು ಹೆಚ್ಚು ಕಾಯುತ್ತೇನೆ. ಎಂಟು ವರ್ಷದಲ್ಲಿ 11 ಜಿಂಕೆ ಹೊಡೆದಿದ್ದೇನೆ. ಒಂದು ತಪ್ಪಿಸಿಕೊಂಡಿತು, ಗಾಯದ ಜೊತೆ. ಎರಡು ದಿನ ಹುಡುಕಿದೆ, ಸಿಗಲಿಲ್ಲ. ಅದು ಇವತ್ತಿಗೂ ಕಾಡುತ್ತದೆ. ಆ ಈಡು 90 ಮೀಟರ್ ದೂರದ್ದು. ಆಮೇಲೆ ನಾನು 60 ದಾಟಿ ಹೊಡೆದಿಲ್ಲ.

ಮಲೆನಾಡಿಗ:
ನೀನು ಬಚ್ಚಿಡದೆ ಹೇಳಿದ್ದು ದೊಡ್ಡ ಮಾತು. ಹಾಗಿದ್ದರೆ ಉದ್ದ ಗುಂಡು ಹಾಕಬಾರದಾ? ತೂಕ ದುಪ್ಪಟ್ಟಾಗುತ್ತದೆ, ಜೌಲ್ ಕೂಡ ಮುಟ್ಟುತ್ತದೆ.

ಲೆಕ್ಕದ ಮೇಷ್ಟ್ರು:
ಹುಡುಗನ ನಳಿಗೆ ಉಂಡೆ ಗುಂಡಿಗೆ ಮಾಡಿದ್ದಾದರೆ ಒಳಗಿನ ಸುರುಳಿ ಗೀರು ತುಂಬಾ ನಿಧಾನಕ್ಕೆ ತಿರುಗುತ್ತದೆ. 66 ಇಂಚಿಗೆ ಒಂದು ಸುತ್ತು ಇರಬಹುದು. ಉದ್ದ ಗುಂಡಿಗೆ ಬೇಗ ತಿರುಗುವ ಗೀರು ಬೇಕು. ಇಲ್ಲದಿದ್ದರೆ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಜೌಲ್ ಸಿಕ್ಕಿತು, ಗುರಿ ಹೋಯಿತು. ಅದಕ್ಕಿಂತ ದಪ್ಪ ನಳಿಗೆ ನೋಡಿ. ಪಾಯಿಂಟ್ 72ರ ಉಂಡೆ ಗುಂಡು 35 ಗ್ರಾಂ ಮೇಲೆ ತೂಗುತ್ತದೆ. ಸೆಕೆಂಡಿಗೆ 427 ಮೀಟರ್ ಸಿಕ್ಕರೆ 3,200 ಜೌಲ್. ಕುಡುವಿಗೆ ಧಾರಾಳ. ಪಾಯಿಂಟ್ 62 ಕೂಡ ಲೆಕ್ಕ ಹಾಕಿ ನೋಡಿದೆ, ಅದು 2,300ರ ಹತ್ತಿರವೇ ನಿಲ್ಲುತ್ತದೆ.

ಪೊನ್ನಂಪೇಟೆ ಹುಡುಗ:
ಗೀರು 66ಕ್ಕೆ ಒಂದೇ. ಹೇಗೆ ಊಹಿಸಿದಿರಿ! ಇಲ್ಲಿ ನನ್ನ ಗೆಳೆಯನೊಬ್ಬನ ಹತ್ತಿರ ಪಾಯಿಂಟ್ 72 ಚಕಮಕಿ ರೈಫಲ್ ಇದೆ. ಅವನನ್ನು ಕೇಳಬಹುದು. ಅದು ಆಗದಿದ್ದರೆ ನನ್ನದೇ ಕೋವಿಯಲ್ಲಿ ಸ್ಪ್ರಿಂಗ್‌ಬಾಕ್?

ವಿಂಡ್‌ಹುಕ್ ವಾಸಿ:
ಕಾಗದದ ಮೇಲೆ ಆಗುತ್ತದೆ. ಆದರೆ ಸ್ಪ್ರಿಂಗ್‌ಬಾಕ್ ಬಯಲಿನ ಪ್ರಾಣಿ. 60 ಮೀಟರ್‌ಗೆ ನಿಮ್ಮನ್ನು ಬಿಟ್ಟುಕೊಳ್ಳುವುದು ಕಷ್ಟ. ಕುಡು ಮುಳ್ಳುಪೊದೆಯಲ್ಲಿ ಇರುವುದರಿಂದ ಗಾಳಿ ನೋಡಿಕೊಂಡು ಹತ್ತಿರ ಹೋಗಬಹುದು. ದಪ್ಪ ಕೋವಿಯೇ ಸರಿ.

ಇನ್ನೆರಡು ಮಾತು, ಇವು ಪೆನ್ಸಿಲ್ವೇನಿಯಾದ ಹಿಮದಲ್ಲಿ ಗೊತ್ತಾಗುವುದಿಲ್ಲ. ಜೂನ್ ಇಲ್ಲಿ ಒಣ ಚಳಿಗಾಲ. ಹುಲ್ಲು ಗರಿಗರಿ ಒಣಗಿರುತ್ತದೆ. ಗುಂಡಿಗೆ ಸುತ್ತಿದ ಬಟ್ಟೆ ಹೊಗೆಯಾಡುತ್ತಾ ಹುಲ್ಲಿನ ಮೇಲೆ ಬೀಳುತ್ತದೆ. ಅಷ್ಟು ಸಾಕು ಬೆಂಕಿ ಹತ್ತಲು. ಒಂದು ಹೊಲದ ಮೇವು ಹೋದರೆ ಆ ವರ್ಷ ದನಕ್ಕೆ ಏನಿಲ್ಲ. ಜೊತೆಗೆ ಒಬ್ಬರು ನೀರಿನ ಕ್ಯಾನ್ ಹಿಡಿದು ಬರಲಿ. ಕುಡು ಬಿದ್ದ ಖುಷಿಯಲ್ಲಿ ಓಡಬೇಡಿ, ಮೊದಲು ಬಟ್ಟೆ ಹುಡುಕಿ ತುಳಿಯಿರಿ. ಎರಡನೆಯದು, ಈ ಒಣ ಗಾಳಿಯಲ್ಲಿ ನಳಿಗೆಯ ಮಸಿ ಗಟ್ಟಿ ಹೊಪ್ಪಳೆ ಆಗುತ್ತದೆ ಅಂತ ಇಲ್ಲಿನ ಹಳೇ ಕೋವಿಯವರು ಹೇಳುತ್ತಾರೆ. ಎರಡನೇ ಗುಂಡು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದಂತೆ.

ಪೊನ್ನಂಪೇಟೆ ಹುಡುಗ:
ಹೌದು, ಇಲ್ಲಿ ತೇವ ಇರುವುದರಿಂದ ಮಸಿ ಮೆತ್ತಗಿರುತ್ತದೆ. ಅಲ್ಲಿ ಪ್ರತಿ ಈಡಿನ ನಂತರ ಒದ್ದೆ ಬಟ್ಟೆ ಹಾಯಿಸುತ್ತೇನೆ. ಬೆಂಕಿಯ ಮಾತು ನನಗೆ ಹೊಳೆದೇ ಇರಲಿಲ್ಲ. ನೀರಿನ ಕ್ಯಾನ್ ನಾನೇ ಹೊರುತ್ತೇನೆ.

ಮಲೆನಾಡಿಗ:
ಗುಂಡು ಎಲ್ಲಿ ಇಡಬೇಕು ಅನ್ನುವುದೂ ಬೇರೆ. ಆಫ್ರಿಕಾದ ಜಿಂಕೆಗಳ ಎದೆಗೂಡು ಅಮೆರಿಕದ ಜಿಂಕೆಗಿಂತ ಮುಂದಕ್ಕೆ, ಕೆಳಕ್ಕೆ ಇರುತ್ತದೆ. ಹೆಗಲಿನ ಹಿಂದೆ ಹೊಡೆಯುವ ಅಭ್ಯಾಸ ಬಿಡು. ಮುಂಗಾಲಿನ ನೇರಕ್ಕೆ, ಮೈಯ ಮೂರನೇ ಒಂದು ಭಾಗ ಎತ್ತರಕ್ಕೆ. ಚಿತ್ರ ಬರೆದು ಗೋಡೆಗೆ ಅಂಟಿಸಿ ಅಭ್ಯಾಸ ಮಾಡು.

ಕಾಡುಪಾಪ:
ನಾನು ಇನ್ನೂ ಒಪ್ಪಿಲ್ಲ. ಹೋಗುವುದೇ ಆದರೆ ಒಂದು ಕೇಳುತ್ತೇನೆ. ನಿಮ್ಮ ಈಡಿನ ನಂತರ ಪ್ರಾಣಿ ನಿಂತಿದ್ದರೆ, ಜೊತೆಗಿರುವ ಬೇಟೆಗಾರ ತನ್ನ ದೊಡ್ಡ ರೈಫಲ್‌ನಲ್ಲಿ ಆ ಕ್ಷಣವೇ ಹೊಡೆಯಬೇಕು. 'ನನ್ನ ಕೋವಿಯಲ್ಲೇ ಮುಗಿಸುತ್ತೇನೆ, ತಡೆಯಿರಿ' ಅನ್ನಬಾರದು.

ಪೊನ್ನಂಪೇಟೆ ಹುಡುಗ:
ಆಗಲಿ ಅಕ್ಕ. ಬೇಟೆ ಏರ್ಪಡಿಸುವವರಿಗೆ ಬರೆಯುವ ಮೊದಲ ಪತ್ರದಲ್ಲೇ ಅದನ್ನು ಹಾಕುತ್ತೇನೆ. ಅಲ್ಲಿ ಒಂದು ಹನಿ ರಕ್ತ ಬಿದ್ದರೂ ಪೂರ್ತಿ ದುಡ್ಡು ಕಟ್ಟಬೇಕಂತೆ, ಪ್ರಾಣಿ ಸಿಗಲಿ ಬಿಡಲಿ. ಹಾಗಾದರೆ ನನ್ನ ಬೇಟೆ ಅಲ್ಲಿಗೇ ಮುಗಿಯಿತು, ಇನ್ನೊಂದಕ್ಕೆ ಕೋವಿ ಎತ್ತುವುದಿಲ್ಲ. ಉಳಿದ ದಿನ ಅದನ್ನೇ ಹುಡುಕುತ್ತೇನೆ. ಕಾಡೆಮ್ಮೆಯ ಆಸೆ ಪಟ್ಟಿಯಿಂದ ತೆಗೆದಿದ್ದೇನೆ.

ನಾಳೆ ಗೆಳೆಯನ ಪಾಯಿಂಟ್ 72 ತಂದು ತೂಕ, ವೇಗ ಎರಡೂ ಅಳೆಯುತ್ತೇನೆ. ಮೇಷ್ಟ್ರೇ, ಅಂಕಿ ಇಲ್ಲೇ ಹಾಕುತ್ತೇನೆ. 2,700 ಮುಟ್ಟದಿದ್ದರೆ ಟಿಕೆಟ್ ತೆಗೆಯುವುದಿಲ್ಲ.