ಅಪ್‌ಡೇಟ್: ತೊಗರಿಗೆ ಎಣ್ಣೆ (ಕೀಟನಾಶಕ) ಹೊಡೆಯೋದು ಕಮ್ಮಿಯಾಯ್ತು

ಕಲಬುರಗಿ ಕಡೆ ನಮ್ಮೂರಲ್ಲಿ ತೊಗರಿ ಹೂ ಬಿಟ್ಟ ಕೂಡಲೇ ಎಲ್ಲರೂ ಪಂಪ್ ಹೊತ್ತು ಹೊರಡುತ್ತಾರೆ. ಕಾಯಿಕೊರಕಕ್ಕೆ, ಅಂದ್ರೆ ಕಾಯಿ ಕೊರೆದು ತಿನ್ನೋ ಹಸಿರು ಹುಳಕ್ಕೆ, ಸುಮ್ನೆ ಎಣ್ಣೆ ಸುರಿಯೋದನ್ನು ಹೇಗೆ ಬಿಡಿಸೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ.

ಭಾಷಣ ಯಾರೂ ಕೇಳಲಿಲ್ಲ. ಮೋಹಕ ಬಲೆಯಲ್ಲಿ (ವಾಸನೆಯಿಂದ ಗಂಡು ಪತಂಗ ಸೆಳೆಯೋ ಬಲೆ) ಬಿದ್ದ ಈ ಹುಳುವಿನ ಪತಂಗ ತೋರಿಸಿದಾಗ ಮಾತ್ರ ಜನ ನಿಂತು ನೋಡಿದರು. ಬಲೆ ಇರೋದು ಸುಳಿವು ಕೊಡೋಕೆ, ಅದೊಂದರಿಂದಲೇ ಹುಳು ಹೋಗಲ್ಲ. ಇದನ್ನು ಮೊದಲೇ ಹೇಳಿಬಿಡಿ. ಗಿಡಕ್ಕೆ ಸರಾಸರಿ ಒಂದು ಹುಳು ಕಾಣುವ ತನಕ ರಾಸಾಯನಿಕ ಬೇಡ ಅಂದೆ. "ಅಷ್ಟರಲ್ಲಿ ಬೆಳೆ ಹೋದರೆ ನೀನು ಕೊಡ್ತೀಯೇನಪ್ಪ?" ಅಂದರು ನಮ್ಮ ಕಾಕಾ. ನ್ಯಾಯವಾದ ಪ್ರಶ್ನೆ ಅಲ್ವಾ? ಅದಕ್ಕೇ ಹೊಲದ ಒಂದು ಮೂಲೆಯಲ್ಲಿ ಮಾತ್ರ ಶುರು ಮಾಡಿದೆವು.

5 ಕೆಜಿ ಬೇವಿನ ಬೀಜದ ತಿರುಳು ಕುಟ್ಟಿ, ರಾತ್ರಿ ನೆನೆಸಿ ಸೋಸಿ, 100 ಲೀಟರ್ ನೀರಿಗೆ ಸೇರಿಸಿ, ಸ್ವಲ್ಪ ಸೋಪಿನ ಪುಡಿ ಬೆರೆಸಿ ಸಂಜೆ ಹೊಡೆದೆವು. ಬಿಸಿಲಿಗೆ ಅದರ ಶಕ್ತಿ ಇಳಿಯುತ್ತೆ. ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಹಳೇ ಪದ್ಧತಿ. ಸಾಲಿನ ನಡುವೆ ತಾಡಪತ್ರಿ ಹಾಸಿ ಗಿಡ ಅಲುಗಾಡಿಸಿದರೆ ಹಸಿರು ಹುಳು ಪಟಪಟ ಉದುರುತ್ತೆ. ಆದರೆ ಕೂಲಿಯವರು ಸಿಗದ ಕಡೆ ಇದು ಕಷ್ಟ.

ಈ ಸಲ ಕಾಕಾನೇ ತೊಗರಿ ಜತೆ ಜೋಳ ಬೆರೆಸಿ ಬಿತ್ತಿದ್ದಾರೆ, ಹಕ್ಕಿ ಬಂದು ಕೂತು ಹುಳು ತಿನ್ನಲಿ ಅಂತ. ಬೇವಿನ ಬೀಜವನ್ನೂ ಮಳೆಗಾಲದ ಶುರುವಿನಲ್ಲೇ ಆರಿಸಿ ಒಣಗಿಸಿ ಇಟ್ಟಿದ್ದೇವೆ.